ಹೆಸರಿಲ್ಲದ ಮತಪತ್ರ: ಫಿಜಿ ಚುನಾವಣೆಗೆ ನನ್ನ ರೇಟಿಂಗ್

ಮತಪತ್ರಕ್ಕೆ ಐದರಲ್ಲಿ ಎರಡು ಸ್ಟಾರ್. ಎಣಿಕೆಗೆ ನಾಲ್ಕು. ಫಲಿತಾಂಶದ ಆ್ಯಪ್‌ಗೆ ಒಂದು, ಅದೂ ನೋಡೋಕೆ ಚೆನ್ನಾಗಿತ್ತು ಅನ್ನೋ ಕಾರಣಕ್ಕೆ.

2022ರ ಡಿಸೆಂಬರ್ 14ರಂದು ಫಿಜಿಯಲ್ಲಿ ನಡೆದ ಪಾರ್ಲಿಮೆಂಟ್ ಚುನಾವಣೆಯ ಬಗ್ಗೆ ಹೇಳ್ತಿದ್ದೀನಿ. ಯಾರು ಗೆಲ್ಲಬೇಕಿತ್ತು, ಯಾರು ಸೋಲಬೇಕಿತ್ತು ಅನ್ನೋ ಉಸಾಬರಿ ನನಗೆ ಬೇಡ. ನಮ್ಮೂರು ಸಾಗರ, ಆಗ ಇದ್ದದ್ದು ಫಿಜಿಯ ರಾಜಧಾನಿ ಸುವಾದಲ್ಲಿ, ಕೆಲಸ ಅಕೌಂಟ್ಸ್. ಅಲ್ಲಿ ನನಗೆ ಓಟಿಲ್ಲ. ಲೆಕ್ಕ ನೋಡೋ ಚಟ ಮಾತ್ರ ಇದೆ.

ಮೊದಲು ಮತಪತ್ರ. ಇದನ್ನು ಪೇಪರಿನಲ್ಲಿ ಮಾದರಿ ಹಾಕಿದಾಗ ನೋಡಿ ದಂಗಾದೆ. ಅಭ್ಯರ್ಥಿಯ ಹೆಸರಿಲ್ಲ, ಫೋಟೋ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ಹಾಳೆ ತುಂಬಾ ಚೌಕಗಳು, ಒಂದೊಂದರಲ್ಲಿ ಮೂರಂಕಿಯ ಒಂದೊಂದು ನಂಬರು. ಥೇಟ್ ಹೌಸಿ-ಹೌಸಿ ಟಿಕೆಟ್. ನಿಮ್ಮವರ ನಂಬರು ಹುಡುಕಿ ಸುತ್ತು ಹಾಕಬೇಕು, ಇಲ್ಲಾ ಟಿಕ್, ಇಲ್ಲಾ ಕ್ರಾಸ್.

ಇಷ್ಟೊಂದು ನಂಬರು ಯಾಕೆ ಅಂದ್ರೆ, 2013ರ ಸಂವಿಧಾನದ ಪ್ರಕಾರ ಇಡೀ ದೇಶವೇ ಒಂದು ಕ್ಷೇತ್ರ. ಸೀಟು 55, ನಿಂತವರು 340ಕ್ಕೂ ಜಾಸ್ತಿ. ಸುವಾದಲ್ಲಿರೋರಿಗೂ ದೂರದ ದ್ವೀಪದಲ್ಲಿರೋರಿಗೂ ಅದೇ ಹಾಳೆ. ಇದರ ಹಿಂದಿನ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಮೊದಲೆಲ್ಲ ಅಲ್ಲಿ ಮೂಲನಿವಾಸಿ ಫಿಜಿಯನ್ನರಿಗೆ ಬೇರೆ ಸೀಟು, ಗಿರ್ಮಿಟ್ ಅಂದ್ರೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ಮಕ್ಕಳು ಮೊಮ್ಮಕ್ಕಳಿಗೆ ಬೇರೆ ಸೀಟು ಇತ್ತು. 1987ರಲ್ಲಿ, 2000ದಲ್ಲಿ, 2006ರಲ್ಲಿ ಕ್ಷಿಪ್ರಕ್ರಾಂತಿಗಳನ್ನು ಕಂಡ ದೇಶ ಅದು. ಜನಾಂಗದ ಪಟ್ಟಿ ತೆಗೆದು ಎಲ್ಲರನ್ನೂ ಒಂದೇ ಸಾಲಿಗೆ ತಂದದ್ದು ಒಳ್ಳೇದೇ. ಅದಕ್ಕಾಗಿ ಹೆಸರನ್ನೂ ತೆಗೀಬೇಕಿತ್ತಾ?

ನಮ್ಮ ಪಕ್ಕದ ಮನೆಯ ಮೌಸಿಗೆ ಎಪ್ಪತ್ತು ದಾಟಿತ್ತು, ಒಂದು ಕಣ್ಣಲ್ಲಿ ಪೊರೆ. ಓಟಿನ ಹಿಂದಿನ ವಾರ ಪೂರ್ತಿ ರೊಟ್ಟಿ ಲಟ್ಟಿಸುತ್ತಾ ಆ ಮೂರಂಕಿ ಬಾಯಿಪಾಠ ಮಾಡ್ತಿದ್ದರು. ಸೊಸೆ ನಡುವೆ ಬಂದು ಸುಮ್ನೆ ಬೇರೆ ನಂಬರು ಹೇಳಿ ರೇಗಿಸೋದು, ಇವರು ಲಟ್ಟಣಿಗೆ ಎತ್ತೋದು. ಬೂತಿನೊಳಗೆ ಅಭ್ಯರ್ಥಿಗಳ ಫೋಟೋ, ನಂಬರು ಇರುವ ಪುಸ್ತಿಕೆ ಇಟ್ಟಿರ್ತಾರೆ. ಅದರಲ್ಲಿ ಮುಖ ಹುಡುಕಿ, ನಂಬರು ನೆನಪಿಟ್ಟುಕೊಂಡು, ತಿರುಗಿ ಹಾಳೆಯಲ್ಲಿ ಆ ಚೌಕ ಹುಡುಕಬೇಕು. ಹೊರಗೆ ಬಂದ ಮೌಸಿ, "ಹಾಕಿದೆ ಮಗಾ. ನಡುವಿನ ಅಂಕಿ ಮೂರಾ ಎಂಟಾ ಅಂತ ಈಗ ಡೌಟು" ಅಂದರು.

ನನ್ನ ಅಸಲಿ ದೂರು ಇದೇ. ಫಿಜಿಯಲ್ಲಿ ಕುಲಗೆಟ್ಟ ಓಟು ನೂರಕ್ಕೆ ಒಂದೂ ಇರಲ್ಲ, ಆದ್ದರಿಂದ ಜನಕ್ಕೆ ಈ ಹಾಳೆ ಅರ್ಥವಾಗಿದೆ ಅಂತ ವಾದ ಮಾಡ್ತಾರೆ. ಸ್ವಾಮಿ, ಈ ಹಾಳೆಯಲ್ಲಿ ತಪ್ಪು ಚೌಕಕ್ಕೆ ಸುತ್ತು ಹಾಕಿದ್ರೂ ಅದು ಸರಿಯಾದ ಓಟೇ! ಬೇರೆ ಯಾರದೋ ಖಾತೆಗೆ ಜಮಾ ಆಗುತ್ತೆ, ಅಷ್ಟೇ. ಎಷ್ಟು ಜನ ಹಾಗೆ ಹಾಕಿದರು ಅಂತ ಯಾವ ಆಡಿಟರ್ ಬಂದರೂ ಹಿಡಿಯೋಕಾಗಲ್ಲ. ಮೌಸಿಯ ಓಟು ಎಲ್ಲಿಗೆ ಹೋಯ್ತೋ, ಮೌಸಿಗೇ ಗೊತ್ತಿಲ್ಲ.

ಅಷ್ಟು ಜನರ ಹೆಸರು ಹಾಕೋಕಾಗಲ್ಲ ಅನ್ನೋರಿಗೆ ನಮ್ಮ ಬೆಳಗಾವಿ ತೋರಿಸ್ತೀನಿ. 1996ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ 456 ಜನ ನಿಂತಿದ್ದರು. ಹಾಳೆ ಹಾಸಿಗೆಯಷ್ಟಾದರೂ ಪರವಾಗಿಲ್ಲ ಅಂತ ಹೆಸರು, ಚಿಹ್ನೆ ಹಾಕಿಯೇ ಕೊಟ್ಟರು.

ಇನ್ನು ಎಣಿಕೆ. ಇದು ನನಗೆ ಇಷ್ಟವಾಯ್ತು. ಸಂಜೆ ಆರಕ್ಕೆ ಮತದಾನ ಮುಗಿದರೆ ಪೆಟ್ಟಿಗೆ ಎಲ್ಲೂ ಹೋಗಲ್ಲ. ಅದೇ ಬೂತಿನಲ್ಲಿ, ಪಕ್ಷಗಳ ಏಜೆಂಟರ ಎದುರಿಗೇ ಎಣಿಸ್ತಾರೆ. ಲೆಕ್ಕದ ಹಾಳೆಗೆ ಸಹಿ ಬೀಳುತ್ತೆ, ಒಂದು ಪ್ರತಿಯನ್ನು ಹೊರಗಡೆ ಅಂಟಿಸ್ತಾರೆ. ಯಾರು ಬೇಕಾದ್ರೂ ಓದಬಹುದು. ಒಂದು ಸ್ಟಾರ್ ಹಿಡಿದಿಟ್ಟದ್ದು ಅಭ್ಯಾಸಬಲ.

ಆ್ಯಪ್ ಕಥೆ ಆಗ ಪ್ರಪಂಚಕ್ಕೆಲ್ಲ ಸುದ್ದಿಯಾಗಿತ್ತು. ಅಂದು ರಾತ್ರಿ ತಾತ್ಕಾಲಿಕ ಲೆಕ್ಕದಲ್ಲಿ ವಿರೋಧ ಪಕ್ಷದ ಸಿಟಿವೇನಿ ರಬುಕ ಅವರ ಪೀಪಲ್ಸ್ ಅಲಯನ್ಸ್ ಮುಂದಿತ್ತು. ನೋಡ್ತಾ ನೋಡ್ತಾ ಯಾವುದೋ ಸಣ್ಣ ಪಕ್ಷದ ಅಭ್ಯರ್ಥಿಗೆ ರಾಶಿ ಓಟು ತೋರಿಸೋಕೆ ಶುರುವಾಯ್ತು. ಆಮೇಲೆ ಆ್ಯಪ್ಪೇ ಬಂದ್. ಗಂಟೆಗಟ್ಟಲೆ ಆದಮೇಲೆ ವಾಪಸ್ ಬಂದಾಗ ಆಗಿನ ಪ್ರಧಾನಿ ಫ್ರಾಂಕ್ ಬೈನಿಮರಾಮ ಅವರ ಫಿಜಿಫಸ್ಟ್ ಪಕ್ಷ ಮುಂದೆ! ಅಪ್‌ಲೋಡ್ ಮಾಡುವಾಗ ಒಬ್ಬರ ಓಟು ಇನ್ನೊಬ್ಬರ ಹೆಸರಿಗೆ ಕೂತಿತ್ತು, ಎಲ್ಲ ತೆಗೆದು ಮತ್ತೆ ಹಾಕಿದೆವು ಅಂತ ವಿವರಣೆ ಬಂತು. 16 ವರ್ಷ ಅಧಿಕಾರದಲ್ಲಿದ್ದ ಸರ್ಕಾರ, ಮಧ್ಯರಾತ್ರಿ ಆಸುಪಾಸಿನಲ್ಲಿ ಮಾಯವಾದ ಲೆಕ್ಕ. ಯಾರು ನಂಬ್ತಾರೆ? ವಿರೋಧ ಪಕ್ಷಗಳು ಗಲಾಟೆ ಎಬ್ಬಿಸಿದವು. ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮುಂದಾಳತ್ವದ ವೀಕ್ಷಕರ ತಂಡ ಮಾತ್ರ ಅಕ್ರಮ ಕಾಣಲಿಲ್ಲ ಅಂತು. ಸಹಿ ಬಿದ್ದ ಹಾಳೆಗಳು ಇದ್ದವಲ್ಲ, ಕೊನೆಗೆ ಕೈಹಿಡಿದದ್ದು ಅವೇ.

ಅಂತಿಮವಾಗಿ ಫಿಜಿಫಸ್ಟ್‌ಗೆ 26, ಪೀಪಲ್ಸ್ ಅಲಯನ್ಸ್‌ಗೆ 21, ನ್ಯಾಷನಲ್ ಫೆಡರೇಷನ್ ಪಕ್ಷಕ್ಕೆ 5, ಸೊಡೆಲ್ಪಾ ಅನ್ನೋ ಪಕ್ಷಕ್ಕೆ 3. ಒಂದು ಪಕ್ಷಕ್ಕೆ ಸೀಟು ಸಿಗಬೇಕಾದ್ರೆ ಒಟ್ಟು ಓಟಿನ ಶೇ. 5 ಬರಲೇಬೇಕು. ಸೊಡೆಲ್ಪಾಗೆ ಬಂದದ್ದು ಶೇ. 5.1. ಗೆರೆ ದಾಟಿದ್ದು ಕೆಲವೇ ನೂರು ಓಟಿನಲ್ಲಿ. ಯಾರ ಜೊತೆ ಹೋಗೋದು ಅಂತ ಆ ಪಕ್ಷದೊಳಗೇ ಓಟು ಹಾಕಿಸಿದರು: ರಬುಕ ಕಡೆಗೇ ಮೊದಲ ಸಲ 16-14, ಎರಡನೇ ಸಲ 13-12. ಡಿಸೆಂಬರ್ 24ರಂದು ಪಾರ್ಲಿಮೆಂಟಿನಲ್ಲಿ ರಬುಕ ಪ್ರಧಾನಿಯಾದದ್ದು 28-27ರಲ್ಲಿ. ಫಿಜಿಫಸ್ಟ್ ಬಿಟ್ಟು ಉಳಿದ ಮೂರು ಪಕ್ಷಗಳ ಅವರ ಮೈತ್ರಿಕೂಟದಲ್ಲಿದ್ದದ್ದು 29 ಜನ. ಆ ಒಬ್ಬರು ಯಾರಪ್ಪಾ ಅಂತ ಸುವಾ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರೋರೂ ತಲೆ ಕೆಡಿಸಿಕೊಂಡಿದ್ದರು.

ಇಷ್ಟು ಸೂಕ್ಷ್ಮವಾಗಿ ತೂಗುವ ತಕ್ಕಡಿಯಲ್ಲಿ ಮೂರಾ ಎಂಟಾ ಅನ್ನೋ ಡೌಟು ಇರಬಾರದು ಅಲ್ವಾ? ನಂಬರಿನ ಪಕ್ಕ ಹೆಸರು, ಒಂದು ಪುಟ್ಟ ಚಿಹ್ನೆ ಹಾಕಲಿ. ನಾಲ್ಕು ಸ್ಟಾರ್ ಕೊಡ್ತೀನಿ.