ಹೊಸ ಜೇಬುಚಾಕುವಿನ ಕಾರ್ಖಾನೆ ಹರಿತ: ಒಂದು ವಿಮರ್ಶೆ

ಡಬ್ಬಿಯಿಂದ ಹೊರತೆಗೆದ ದಿನ ಈ ಮಡಚುವ ಚಾಕು ಮುಂಗೈಯ ಕೂದಲನ್ನು ಸಲೀಸಾಗಿ ಬೋಳಿಸಿತ್ತು. ನಾಲ್ಕೈದು ರಟ್ಟಿನ ಪೆಟ್ಟಿಗೆಗಳನ್ನು ಸೀಳುವಷ್ಟರಲ್ಲಿ ಅದೇ ಅಲಗು ಕಾಗದವನ್ನು ಕೊಯ್ಯುವ ಬದಲು ಹರಿಯತೊಡಗಿತು. ಅಲಗಿನದು 14ಸಿ28ಎನ್ ಉಕ್ಕು. ಸುಮಾರು 14 ಪ್ರತಿಶತ ಕ್ರೋಮಿಯಂ ಮತ್ತು ಕೊಂಚ ಸಾರಜನಕ ಬೆರೆತ, ತುಕ್ಕಿಗೆ ಸುಲಭವಾಗಿ ಜಗ್ಗದ, ಸಾಣೆಗೆ ಚೆನ್ನಾಗಿ ಒಗ್ಗುವ ಈ ಉಕ್ಕು ಇಷ್ಟು ಬೇಗ ಮೊಂಡಾಗುವಂಥದ್ದಲ್ಲ.

ಅಲಗಿನ ಬಾಯನ್ನು, ಎಂದರೆ ಕೊಯ್ಯುವ ಅಂಚನ್ನು, ಮೇಲಕ್ಕೆ ಮಾಡಿ ದೀಪದ ಕೆಳಗೆ ಹಿಡಿದಾಗ ಕಾರಣ ಹೊಳೆಯಿತು, ಅಕ್ಷರಶಃ. ನಿಜವಾದ ಹರಿತ ಬೆಳಕನ್ನು ಪ್ರತಿಫಲಿಸುವುದಿಲ್ಲ. ಇಲ್ಲಿ ಬುಡದಿಂದ ನಡುವಿನವರೆಗೂ ಬೆಳ್ಳಿಯ ಎಳೆಯಂಥ ಗೆರೆಯೊಂದು ಮಿನುಗುತ್ತಿತ್ತು. ಓಡುವ ಸಾಣೆಪಟ್ಟಿಗೆ ಅಲಗನ್ನು ಒತ್ತಿದಾಗ ಬಾಯಿಯ ತುದಿಯುದ್ದಕ್ಕೂ ಏಳುವ ತೆಳ್ಳನೆಯ ಉಕ್ಕಿನ ಸಿಬಿರನ್ನು ಪೂರ್ತಿ ತೆಗೆಯದೆ ಹಾಗೆಯೇ ಬಿಟ್ಟಿದ್ದರು. ನೆಟ್ಟಗೆ ನಿಂತಿರುವವರೆಗೆ ಕೂದಲನ್ನು ಬೋಳಿಸುವುದು ಈ ಸಿಬಿರೇ, ರಟ್ಟು ತಗುಲಿದೊಡನೆ ಮಡಚಿಕೊಳ್ಳುವುದೂ ಇದೇ. ಆದ್ದರಿಂದ ಕೂದಲಿನ ಪರೀಕ್ಷೆಯೊಂದನ್ನೇ ನೆಚ್ಚಿ ಹೊಸ ಚಾಕುವನ್ನು ಹೊಗಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸಾಣೆಪಟ್ಟಿಯ ವೇಗಕ್ಕೆ ಹುಟ್ಟುವ ಬಿಸಿಯಿಂದ ತುದಿಯ ಹದವೂ ಕೆಡುವ ಸಾಧ್ಯತೆಯಿದೆ, ಆದರೆ ಅದನ್ನು ಬರಿಗಣ್ಣಿನಿಂದ ಹೇಳಲಾಗದು.

ಫಲಕ ಎಲ್ಲೆಲ್ಲಿ ತಾಗುತ್ತದೆಂದು ನೋಡಲು ಬಾಯಿಯ ಎರಡೂ ಇಳಿಜಾರಿಗೆ ಮಾರ್ಕರ್ ಶಾಯಿ ಬಳಿದು, ಬದಿಗೆ 20 ಡಿಗ್ರಿಯಂತೆ 400 ಗ್ರಿಟ್‌ನ (ತರಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ವಜ್ರಪುಡಿಯ ಫಲಕದ ಮೇಲೆ ಮೆಲ್ಲಗೆ ಎಳೆದೆ. ಬಲಬದಿಯ ಶಾಯಿ ತುದಿಯವರೆಗೂ ಅಳಿಸಿತು. ಎಡಬದಿಯಲ್ಲಿ ಇಳಿಜಾರಿನ ಮೇಲ್ಭಾಗದ್ದು ಮಾತ್ರ ಅಳಿಸಿ ತುದಿಯದು ಹಾಗೆಯೇ ಉಳಿಯಿತು. ಎಂದರೆ ಆ ಬದಿಯ ಕೋನ 20ಕ್ಕಿಂತ ದಪ್ಪವಾಗಿತ್ತು. ಅದನ್ನು ಸರಿದೂಗಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಸಿಬಿರು ಬುಡದಿಂದ ಮೊನೆಯವರೆಗೆ ಒಂದೇ ಸಮನಾಗಿ ಎದ್ದ ಮೇಲೆ ಬದಿ ಬದಲಾಯಿಸಿ, 1000 ಗ್ರಿಟ್‌ಗೆ ಹೋಗಿ, ಕೈಯ ಒತ್ತಡವನ್ನು ಅಲಗಿನ ಭಾರದಷ್ಟಕ್ಕೇ ಇಳಿಸಿ ಎರಡೂ ಬದಿಯನ್ನು ಒಂದಾದ ಮೇಲೊಂದರಂತೆ ಮಸೆದು, ಕೊನೆಗೆ ಚರ್ಮದ ಪಟ್ಟಿಗೆ ಉಜ್ಜಿದೆ. ಇನ್ನೂ ನುಣುಪಾಗಿಸಬಹುದಿತ್ತು, ಆದರೆ ಹಗ್ಗ, ರಟ್ಟು ಕೊಯ್ಯುವ ಚಾಕುವಿಗೆ ಕೊಂಚ ತರಿಯಾದ ಬಾಯಿಯೇ ಚೆನ್ನಾಗಿ ಕಚ್ಚುತ್ತದೆ.

ಈಗ ಮೂರು ವಾರಗಳಿಂದ ಅದೇ ಬಗೆಯ ಪೆಟ್ಟಿಗೆಗಳನ್ನು ಸೀಳುತ್ತಿದ್ದರೂ ಅಲಗು ಕಾಗದವನ್ನು ಸದ್ದಿಲ್ಲದೆ ಕೊಯ್ಯುತ್ತಿದೆ. ಕೀಲು ಬಿಗಿಯಾಗಿದೆ, ಲಾಕ್ ಅಲುಗುವುದಿಲ್ಲ, ಹಿಡಿಯ ಬಗ್ಗೆ ತಕರಾರಿಲ್ಲ. ಒಂದು ಕೊರತೆ ಮಾತ್ರ ನನ್ನ ಕೈಯಿಂದ ಸರಿಹೋಗುವಂಥದ್ದಲ್ಲ: ಬಾಯಿ ಮುಗಿಯುವಲ್ಲಿ ಸಾಣೆಗೆಂದು ಬಿಡುವ ಸಣ್ಣ ಕಚ್ಚು ಇಲ್ಲದ್ದರಿಂದ ಬುಡದ ಎರಡು ಮಿಲಿಮೀಟರ್ ಫಲಕಕ್ಕೆ ತಾಗುವುದೇ ಇಲ್ಲ, ಅಷ್ಟು ಭಾಗ ಈಗಲೂ ಮೊಂಡಾಗಿಯೇ ಇದೆ. ಸಾಣೆ ಹಿಡಿಯಲು ಬಲ್ಲವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಡಬ್ಬಿ ತೆರೆದೊಡನೆ ಕೆಲಸಕ್ಕೆ ಬೇಕೆನ್ನುವವರಿಗೆ ನಾನು ಶಿಫಾರಸು ಮಾಡಲಾರೆ.