ಮೆಕ್ಸಿಕೋದ ಗ್ವಾನಹ್ವಾತೊ ಹಳೇ ಊರು ಸುತ್ತಲು ಯಾವುದು ಸರಿ: ಪುಕ್ಕಟೆ ಟೂರಾ, ಫೋನಾ, ಹಾಡಿನ ಮೆರವಣಿಗೆಯಾ, ನಮ್ಮದೇ ಗೈಡಾ?

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು, ನಮ್ಮ ಮನೆಯವರಿಗೆ ಮಾತ್ರ ಅಂತ ಒಬ್ಬ ಗೈಡ್ ಗೊತ್ತು ಮಾಡಿಕೊಳ್ಳಿ. ಅಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದು.

ನಾನು ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರದಲ್ಲಿದ್ದೇನೆ. ಗ್ವಾನಹ್ವಾತೊ ಅಲ್ಲಿಂದ ಬಸ್ಸಿನಲ್ಲಿ ನಾಲ್ಕು ಗಂಟೆ ಆಸುಪಾಸು. ಮೊದಲು ನಾನು, ಹೆಂಡತಿ ಇಬ್ಬರೇ ಹೋಗಿದ್ದೆವು. ಆಮೇಲೆ ಮೈಸೂರಿನಿಂದ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋದೆವು. ಹಾಗಾಗಿ ಒಂದೇ ಊರನ್ನು ನಾಲ್ಕು ರೀತಿಯಲ್ಲಿ ಸುತ್ತಿದ್ದಾಯಿತು.

ಈ ಊರಿಗೆ ಗೈಡ್ ಯಾಕೆ ಬೇಕು ಅಂದರೆ, ಊರು ಇರುವುದೇ ಕಣಿವೆಯ ಸಂದಿಯಲ್ಲಿ, ಸುಮಾರು 2000 ಮೀಟರ್ ಎತ್ತರದಲ್ಲಿ. ಬೆಳ್ಳಿ ಸಿಕ್ಕಿತು ಅಂತ ಬಂದವರು ಸಿಕ್ಕ ಸಿಕ್ಕ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡರು. ನೇರ ಬೀದಿ ಅನ್ನುವುದು ಹುಡುಕಿದರೂ ಸಿಗುವುದಿಲ್ಲ. ನಡುವೆ ಹರಿಯುತ್ತಿದ್ದ ಹೊಳೆ ಮಳೆಗಾಲದಲ್ಲಿ ಊರೊಳಗೇ ನುಗ್ಗುತ್ತಿತ್ತು, 1905ರಲ್ಲಿ ದೊಡ್ಡ ನೆರೆಯೇ ಬಂತು. ಕೊನೆಗೆ ಹೊಳೆಯನ್ನು ಬೇರೆ ದಾರಿಗೆ ತಿರುಗಿಸಿ, 1960ರ ದಶಕದಲ್ಲಿ ಅದರ ಹಳೇ ಪಾತ್ರವನ್ನೇ ನೆಲದಡಿಯ ರಸ್ತೆ ಮಾಡಿಬಿಟ್ಟರು. ಈಗ ಕಾರು, ಬಸ್ಸು ಹೆಚ್ಚಾಗಿ ಕೆಳಗಿನ ಸುರಂಗದಲ್ಲಿ ಓಡುತ್ತವೆ, ಮೇಲೆ ಜನ ನಡೆಯುತ್ತಾರೆ. 1988ರಿಂದ ಊರು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ.

ಫೋನಿನ ಆಡಿಯೋ ಟೂರ್ ಸೋತಿದ್ದು ಇಲ್ಲೇ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುತ್ತಿದ್ದರೆ ಮ್ಯಾಪಿನ ನೀಲಿ ಚುಕ್ಕಿ ನಮ್ಮನ್ನು ಕೆಳಗಿನ ಸುರಂಗದಲ್ಲಿ ಇಳಿಸಿಬಿಡುತ್ತದೆ. "ಹಳದಿ ಕಟ್ಟಡದ ಹತ್ತಿರ ಎಡಕ್ಕೆ ತಿರುಗಿ" ಅಂತ ಒಂದು ಕಡೆ ಹೇಳಿತು. ಸುತ್ತ ನೋಡಿದರೆ ಎಲ್ಲಾ ಗೋಡೆಗೂ ಒಂದೊಂದು ಬಣ್ಣ, ಹಳದಿಯೇ ಐದಾರು. ದಾರಿ ತಪ್ಪಿದರೂ ಪರವಾಗಿಲ್ಲ ಅನ್ನುವ ವಯಸ್ಸಿನವರಿಗೆ, ಒಬ್ಬರೇ ಹೋಗುವವರಿಗೆ ಓಕೆ. ಖರ್ಚಂತೂ ಕಡಿಮೆ.

ಇನ್ನು ಪುಕ್ಕಟೆ ಟೂರ್. ಹೆಸರಿಗೆ ಪುಕ್ಕಟೆ, ಕೊನೆಯಲ್ಲಿ ನಾವೇ ಇಷ್ಟು ಅಂತ ಟಿಪ್ಸ್ ಕೊಡಬೇಕು. ಅದರಲ್ಲಿ ಮೋಸ ಏನಿಲ್ಲ, ಮೊದಲೇ ಹೇಳಿರುತ್ತಾರೆ. ಗೈಡ್ ಹುಡುಗ ಚುರುಕು, ಬಾಯಿ ತುಂಬ ನಗು, ಬಣ್ಣದ ಛತ್ರಿ ಎತ್ತಿ ಹಿಡಿದುಕೊಂಡು ಮುಂದೆ ಹೋಗುತ್ತಿದ್ದ. ನನ್ನ ತಕರಾರು ಅವನ ಮೇಲಲ್ಲ.

ತಕರಾರು ಏನೆಂದರೆ, ಟೂರ್ ಎರಡು ಭಾಷೆಯದು. ಬುಕ್ ಮಾಡುವಾಗ "ಇಂಗ್ಲಿಷ್, ಸ್ಪ್ಯಾನಿಷ್" ಅಂತ ಎರಡೂ ಬರೆದಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಅಂತ ಯಾರಾದರೂ ಓದಿಕೊಳ್ಳುತ್ತಾರೆ, ಅಲ್ವಾ? ಅಲ್ಲಿ ಹೋದ ಮೇಲೆ ಗೊತ್ತಾಯಿತು, ಒಂದೇ ಗುಂಪು, ಒಬ್ಬನೇ ಗೈಡ್, ಪ್ರತಿಯೊಂದನ್ನೂ ಮೊದಲು ಸ್ಪ್ಯಾನಿಷ್‌ನಲ್ಲಿ ಹೇಳಿ ಆಮೇಲೆ ಇಂಗ್ಲಿಷ್‌ನಲ್ಲಿ ಹೇಳುತ್ತಾನೆ. ಗುಂಪಿನಲ್ಲಿ ಮುಕ್ಕಾಲು ಪಾಲು ರಜೆಗೆ ಬಂದ ಮೆಕ್ಸಿಕನ್ನರೇ. ನ್ಯಾಯವೇ ಬಿಡಿ, ಊರು ಅವರದು, ಮಾತು ಅವರದು. ಆದರೆ ನಮ್ಮ ಪಾಡು ಕೇಳಿ.

ಕಾಯೆಹೋನ್ ದೆಲ್ ಬೇಸೊ ಅಂತ ಒಂದು ಓಣಿ ಇದೆ, ಊರಿನಲ್ಲೇ ಹೆಸರುವಾಸಿ. ಅಗಲ ಅತಿ ಕಿರಿದಾದ ಕಡೆ 68 ಸೆಂಟಿಮೀಟರ್ ಅನ್ನುತ್ತಾರೆ. ಎದುರುಬದುರು ಎರಡು ಬಾಲ್ಕನಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಸಾಹುಕಾರನ ಮಗಳು ಆನಾ, ಬಡ ಗಣಿ ಕೆಲಸಗಾರ ಕಾರ್ಲೋಸ್, ಬಾಲ್ಕನಿಯಿಂದ ಬಾಲ್ಕನಿಗೆ ಪ್ರೀತಿ, ಅಪ್ಪನಿಗೆ ಗೊತ್ತಾಗಿ ಮಗಳ ಎದೆಗೇ ಚೂರಿ ಹಾಕಿದ ಅನ್ನುವುದು ಕಥೆ. ಸ್ಪ್ಯಾನಿಷ್‌ನಲ್ಲಿ ಹುಡುಗ ಇದನ್ನು ನಾಟಕದ ಹಾಗೆ ಹೇಳಿದ. ದನಿ ಏರಿಸಿದ, ಇಳಿಸಿದ, ಚೂರಿ ಇರಿಯುವ ಅಭಿನಯ ಮಾಡಿದ, ಹೆಂಗಸರು "ಅಯ್ಯೋ" ಅನ್ನುವಂಥ ಸದ್ದು ಮಾಡಿದರು, ನಡುವೆ ಎರಡು ಸಲ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾವು, ಒಬ್ಬ ಜರ್ಮನ್ ತಾತ, ಒಂದು ಕೊರಿಯನ್ ಜೋಡಿ ಸುಮ್ನೆ ಬಾಲ್ಕನಿ ನೋಡುತ್ತಾ ನಿಂತೆವು. ನಮ್ಮ ಸರದಿ ಬಂದಾಗ ಹುಡುಗ ಸುಸ್ತಾಗಿಹೋಗಿದ್ದ. "ಅಪ್ಪನಿಗೆ ಇಷ್ಟವಿರಲಿಲ್ಲ, ಮಗಳನ್ನು ಕೊಂದ, ಮೂರನೇ ಮೆಟ್ಟಿಲಲ್ಲಿ ಮುತ್ತು ಕೊಟ್ಟರೆ ಏಳು ವರ್ಷ ಒಳ್ಳೆಯದಾಗುತ್ತದೆ, ಬನ್ನಿ ಫೋಟೋ." ಮುಗಿಯಿತು. ನಗು ಎಲ್ಲಿತ್ತೋ ಇವತ್ತಿಗೂ ಗೊತ್ತಿಲ್ಲ.

ಇದು ಒಂದು ಕಡೆ ಆದರೆ ಸಹಿಸಬಹುದು. ಪ್ರತಿ ನಿಲುಗಡೆಯಲ್ಲೂ ಇದೇ ಕಥೆ. ಇಂಗ್ಲಿಷ್ ಶುರುವಾಗುವ ಹೊತ್ತಿಗೆ ಸ್ಪ್ಯಾನಿಷ್ ಕೇಳಿದವರು ಚದುರಿರುತ್ತಾರೆ, ಐಸ್‌ಕ್ರೀಮ್ ತರಲು ಹೋಗುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ತಮ್ಮತಮ್ಮಲ್ಲೇ ಜೋರಾಗಿ ಮಾತಾಡುತ್ತಾರೆ. ಓಣಿಗಳು ಸಣ್ಣವು, ಗೋಡೆಗೆ ಬಡಿದು ಎಲ್ಲಾ ಮಾತೂ ಕಲಸಿಹೋಗುತ್ತದೆ. ಹಿಂದೆ ನಿಂತರೆ ಏನೂ ಕೇಳಿಸದು, ಮುಂದೆ ನಿಲ್ಲಬೇಕು ಅಂದರೆ ಓಡಬೇಕು. ಎರಡೂವರೆ ಗಂಟೆ ಟೂರ್ ಅಂದಿದ್ದರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ನಾವು ಅರ್ಥವಾಗದ ಮಾತಿಗೆ ತಲೆ ಆಡಿಸುತ್ತಿದ್ದೆವು.

ಆದ್ದರಿಂದ ಬುಕ್ ಮಾಡುವ ಮುಂಚೆ ಒಂದೇ ಒಂದು ಪ್ರಶ್ನೆ ಬರೆದು ಕೇಳಿ: ಇಂಗ್ಲಿಷ್ ಗುಂಪು ಬೇರೆ ಇದೆಯಾ, ಇಲ್ಲಾ ಎರಡೂ ಸೇರಿಸಿ ಒಂದೇನಾ? "ಸೇರಿಸಿ" ಅಂದರೆ ನಿಮಗೆ ಸ್ಪ್ಯಾನಿಷ್ ಬರದಿದ್ದರೆ ಬಿಟ್ಟುಬಿಡಿ. ಬರುತ್ತದೆ ಅಂದರೆ ಕಣ್ಣು ಮುಚ್ಚಿ ಹೋಗಿ, ನಿಜವಾಗಲೂ ಚೆನ್ನಾಗಿರುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ, 500 ಪೆಸೊ ನೋಟು ಕೊಟ್ಟರೆ ವಾಪಸ್ ಕೇಳಲು ಮುಜುಗರ.

ಹಾಡಿನ ಮೆರವಣಿಗೆಗೆ ಕಾಯೆಹೊನಿಯಾದ ಅನ್ನುತ್ತಾರೆ. ಇದನ್ನು ಟೂರ್ ಅಂತ ಲೆಕ್ಕ ಹಾಕಬಾರದು, ಆದರೂ ಅಲ್ಲಿ ಎಲ್ಲರೂ ಹಾಗೇ ಮಾರುತ್ತಾರೆ. ಸಂಜೆಯಾದರೆ ಹಾರ್ದಿನ್ ದೆ ಲಾ ಉನಿಯೋನ್ ಅನ್ನುವ ಮುಮ್ಮೂಲೆ ಪಾರ್ಕಿನ ಸುತ್ತ ಕಪ್ಪು ಮಖಮಲ್ ಉಡುಪು, ಮೇಲೊಂದು ನಿಲುವಂಗಿ, ಅದಕ್ಕೆ ಬಣ್ಣದ ರಿಬ್ಬನ್ ಹಾಕಿಕೊಂಡ ಹುಡುಗರು ಟಿಕೆಟ್ ಮಾರುತ್ತಿರುತ್ತಾರೆ. ಪಾರ್ಕಿನಲ್ಲಿ ಚಪ್ಪರದ ಹಾಗೆ ಒತ್ತಾಗಿ ಕತ್ತರಿಸಿದ ಮರಗಳು, ನಮ್ಮ ಆಲದ ಜಾತಿಯವೇ. ಪಕ್ಕದ ಸಾನ್ ದಿಯೇಗೊ ಚರ್ಚಿನ ಎದುರಿನಿಂದ ಹೊರಟು, ಗಿಟಾರು, ಮ್ಯಾಂಡೊಲಿನ್, ದೊಡ್ಡ ಬೇಸ್ ಎಲ್ಲ ಹೊತ್ತುಕೊಂಡು ಓಣಿ ಓಣಿ ಹಾಡುತ್ತಾ ಹೋಗುತ್ತಾರೆ. ಕೊಕ್ಕಿನಂಥ ಮೂತಿಯ ಪುಟ್ಟ ಪಿಂಗಾಣಿ ಕುಡಿಕೆ ಕೊಡುತ್ತಾರೆ, ಅದರಲ್ಲಿ ನಡುನಡುವೆ ಜ್ಯೂಸು ತುಂಬುತ್ತಾರೆ. ಮೇಲೆತ್ತಿ ಬಾಯಿಗೆ ಸುರಿದುಕೊಳ್ಳಬೇಕು. ನನ್ನ ಹೆಂಡತಿಗೆ ಎತ್ತಿ ಕುಡಿಯುವ ಅಭ್ಯಾಸ ಮನೆಯಿಂದಲೇ ಇದ್ದದ್ದರಿಂದ ಒಂದು ಹನಿ ಚೆಲ್ಲಲಿಲ್ಲ, ಪಕ್ಕದವರೆಲ್ಲ ಅಂಗಿ ಒದ್ದೆ ಮಾಡಿಕೊಂಡಿದ್ದರು.

ಪೂರ್ತಿ ಸ್ಪ್ಯಾನಿಷ್, ಆದರೆ ಇಲ್ಲಿ ಬೇಜಾರಾಗಲಿಲ್ಲ. ಹಾಡಿಗೆ ಅರ್ಥ ಬೇಕಾಗಿಲ್ಲ. ಊರಿನ ಬಗ್ಗೆ ಮಾತ್ರ ಏನೂ ತಿಳಿಯುವುದಿಲ್ಲ. ಕತ್ತಲಲ್ಲಿ ಕಲ್ಲು ಮೆಟ್ಟಿಲು, ನೂಕುನುಗ್ಗಲು ಬೇರೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ವ್ಯಾನಿನಲ್ಲಿ ಕೂರಿಸಿ ಗಣಿ, ಮಮ್ಮಿ ಮ್ಯೂಸಿಯಂ ಎಲ್ಲ ತೋರಿಸುವ ಟೂರೂ ಇದೆ. ಸಮಾಧಿಯ ಸುಂಕ ಕಟ್ಟಲಾಗದವರ ಹೆಣ ಅಗೆದು ತೆಗೆದು, ಅವನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ ಅಂತ ಕೇಳಿದ ಕೂಡಲೇ ಅಮ್ಮ "ದುಡ್ಡು ಕೊಟ್ಟು ಮೈಲಿಗೆ ಮಾಡಿಕೊಳ್ಳುವುದಾ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ನನ್ನ ಮೆಚ್ಚಿನದಕ್ಕೆ, ಅಂದರೆ ನಮ್ಮದೇ ಗೈಡ್‌ಗೆ ಬರುತ್ತೇನೆ. ಅಮ್ಮನಿಗೆ ಮೊಣಕಾಲು ನೋವು. ಗೈಡ್ ಹೆಂಗಸು, ನಡುವಯಸ್ಸು, ಕೊರಳಲ್ಲಿ ಪ್ರವಾಸೋದ್ಯಮ ಇಲಾಖೆಯ ಫೋಟೋ ಇರುವ ಕಾರ್ಡು. ಇದನ್ನು ನೋಡಿಯೇ ಒಪ್ಪಿಕೊಳ್ಳಿ, ಬೀದಿಯಲ್ಲಿ "ಪ್ರವಾಸಿ ಮಾಹಿತಿ" ಅಂತ ಬರೆದ ಜಾಕೆಟ್ ಹಾಕಿಕೊಂಡು ಕರೆಯುವವರೆಲ್ಲ ಗೈಡ್‌ಗಳಲ್ಲ. ಆಕೆ ಅಮ್ಮನ ನಡಿಗೆಯನ್ನು ಒಂದು ಸಲ ನೋಡಿ ದಾರಿಯನ್ನೇ ಉಲ್ಟಾ ಮಾಡಿದರು. ಹುವಾರೆಸ್ ಥಿಯೇಟರಿನ ಹಿಂದಿನಿಂದ ಹಳಿಯ ಮೇಲೆ ಹತ್ತುವ ಕೇಬಲ್ ಗಾಡಿ ಇದೆ, ಅದರಲ್ಲಿ ಮೊದಲು ಗುಡ್ಡದ ತುದಿಗೆ ಹೋಗಿ, ಊರನ್ನೆಲ್ಲ ಮೇಲಿಂದ ತೋರಿಸಿ, ಅದೇ ಗಾಡಿಯಲ್ಲಿ ಇಳಿಸಿ, ಆಮೇಲೆ ಆದಷ್ಟು ಸಮತಟ್ಟಾದ ಬೀದಿಗಳಲ್ಲೇ ನಡೆಸಿದರು. ವಿಶ್ವವಿದ್ಯಾಲಯದ ಆ ಭಾರಿ ಮೆಟ್ಟಿಲುಗಳನ್ನು ಕೆಳಗಿನಿಂದಲೇ ನೋಡಿ ಕೈ ಮುಗಿದೆವು.

ಗುಡ್ಡದ ಮೇಲೆ ಪೀಪಿಲನ ದೊಡ್ಡ ಕಲ್ಲಿನ ಪ್ರತಿಮೆ. 1810ರ ಸೆಪ್ಟೆಂಬರ್ 28ರಂದು ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದ ಪಾದ್ರಿ ಮಿಗೆಲ್ ಇದಾಲ್ಗೊ ಅವರ ಬಂಡಾಯಗಾರರು ಊರಿಗೆ ಬಂದಾಗ ಸ್ಪೇನಿನವರು, ಸಾಹುಕಾರರು ಎಲ್ಲ ಬೆಳ್ಳಿ ಸಮೇತ ಅಲೊಂದಿಗ ಅನ್ನುವ ದವಸದ ಉಗ್ರಾಣದೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಪೀಪಿಲ ಅನ್ನುವ ಗಣಿ ಕೂಲಿಯಾಳು ಗುಂಡು ತಾಗದಿರಲಿ ಅಂತ ಬೆನ್ನಿಗೆ ಕಲ್ಲು ಚಪ್ಪಡಿ ಕಟ್ಟಿಕೊಂಡು ಹೋಗಿ ಬಾಗಿಲಿಗೆ ಬೆಂಕಿ ಇಟ್ಟ ಅನ್ನುತ್ತಾರೆ. ಪುಕ್ಕಟೆ ಟೂರಿನಲ್ಲೂ ಈ ಕಥೆ ಕೇಳಿದ್ದೆವು, ಸಿನಿಮಾ ಹೀರೋ ಥರ. ಈಕೆ ಇನ್ನೊಂದು ಮಾತು ಸೇರಿಸಿದರು: ಹೀಗೊಬ್ಬ ಇದ್ದನೋ ಇಲ್ಲವೋ ಅಂತ ಇತಿಹಾಸ ಬರೆದವರಲ್ಲೇ ಅನುಮಾನವಿದೆ. ಪ್ರತಿಮೆಯ ಕೆಳಗಿನ ಬರಹವನ್ನೂ ಓದಿ ಹೇಳಿದರು, ಸುಡಬೇಕಾದ ಅಲೊಂದಿಗಗಳು ಇನ್ನೂ ಇವೆ ಅಂತ.

ಇಳಿದ ಮೇಲೆ ಆ ಉಗ್ರಾಣಕ್ಕೇ ಹೋದೆವು. ಹೊರಗಿನಿಂದ ಕೋಟೆ ಥರ, ಸಪಾಟು ಗೋಡೆ, ಮೇಲೆ ಸಣ್ಣ ಸಣ್ಣ ಕಿಟಕಿ. ಗೈಡ್ ನಮ್ಮನ್ನು ಒಂದೊಂದೇ ಮೂಲೆಗೆ ಕರೆದುಕೊಂಡು ಹೋಗಿ ತಲೆ ಎತ್ತಿ ನೋಡಿ ಅಂದರು. ನಾಲ್ಕು ಮೂಲೆ, ನಾಲ್ಕು ಹೆಸರು: ಇದಾಲ್ಗೊ, ಅಯೆಂದೆ, ಅಲ್ದಾಮ, ಹಿಮೆನೆಸ್. ಬಂಡಾಯದ ನಾಯಕರನ್ನು 1811ರಲ್ಲಿ ಕೊಂದು, ತಲೆಗಳನ್ನು ಕಬ್ಬಿಣದ ಪಂಜರದಲ್ಲಿ ಹಾಕಿ ಈ ಮೂಲೆಗಳಲ್ಲಿ ನೇತುಹಾಕಿದ್ದರು. ಅಮ್ಮ ಕೇಳಿದರು, "ಎಷ್ಟು ದಿನ ಹಾಗೇ ಇತ್ತಂತೆ?" ನಾನು ಇಂಗ್ಲಿಷ್‌ನಲ್ಲಿ ಕೇಳಿ ಹೇಳಿದೆ, ಹತ್ತು ವರ್ಷ, ಸ್ವಾತಂತ್ರ್ಯ ಬಂದ 1821ರವರೆಗೂ. "ಅಯ್ಯೋ, ಈ ಬೀದೀಲಿ ಮಕ್ಕಳುಮರಿ ಓಡಾಡ್ತಿರಲಿಲ್ವೇನೋ?" ಗೈಡ್‌ಗೆ ಅದನ್ನೂ ಕೇಳಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ಓಡಾಡಲಿ ಅಂತಲೇ ಇಲ್ಲಿ ಹಾಕಿದ್ದು ಅಂದರು. ಮೂವತ್ತು ಜನರ ಗುಂಪಿನಲ್ಲಿ ಅಮ್ಮ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಬಸಿಲಿಕಾ ಅನ್ನುವ ದೊಡ್ಡ ಚರ್ಚಿನ ಬಾಗಿಲಲ್ಲಿ ಅಮ್ಮ ಚಪ್ಪಲಿ ಎಲ್ಲಿ ಬಿಡುವುದು ಅಂತ ಹುಡುಕುತ್ತಿದ್ದರು. ಬಿಡಬೇಕಾಗಿಲ್ಲ ಅಂದರೂ ಮನಸ್ಸಾಗದೆ ಬಾಗಿಲ ಬದಿಯಲ್ಲೇ ಬಿಟ್ಟು ಒಳಗೆ ಹೋದರು, ಗೈಡ್ ನಗದೆ ಪಕ್ಕದಲ್ಲಿ ಕಾವಲು ನಿಂತರು. ಥಿಯೇಟರಿನ ಮಾಡಿನ ಮೇಲಿನ ಗ್ರೀಕ್ ಕಲಾದೇವತೆಗಳ ಪ್ರತಿಮೆಗಳನ್ನು ನಮ್ಮ ಕೈಯಲ್ಲೇ ಲೆಕ್ಕ ಹಾಕಿಸಿದರು, ಇರಬೇಕಾದ್ದು ಒಂಬತ್ತು, ಇರುವುದು ಎಂಟು. ಹೋಟೆಲಿನಲ್ಲಿ ಎಂಚಿಲಾದ (ಹೂರಣ ತುಂಬಿ ಸುತ್ತಿದ ಮೆಕ್ಕೆಜೋಳದ ರೊಟ್ಟಿ) ತರಲು ಹೇಳುವಾಗ ಮೊಟ್ಟಮೊದಲು ಅಡುಗೆಯವರನ್ನು ಕರೆದು ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿದ್ದು ಆಕೆಯೇ. ಹಾಕಿದ್ದರು. ಬರೀ ಚೀಸ್, ಆಲೂಗಡ್ಡೆ, ಕ್ಯಾರೆಟ್ ಹಾಕಿಸಿ ಕೊಡಿಸಿದರು.

ಕೊರತೆ ಇಲ್ಲ ಅಂತಲ್ಲ. ಗುಂಪಿನ ಮಜಾ ಇಲ್ಲ. ಕೆಲವು ಕಡೆ ಇಸವಿಗಳು ಸ್ವಲ್ಪ ಜಾಸ್ತಿಯಾದವು.

ಖರ್ಚು ಹೇಳುತ್ತೇನೆ, ಪೆಸೊಗೆ ಐದು ರೂಪಾಯಿ ಅಂತ ಅಂದಾಜು ಹಾಕಿಕೊಳ್ಳಿ. ಪುಕ್ಕಟೆ ಟೂರಿನಲ್ಲಿ ಇಬ್ಬರೂ ಸೇರಿ 300 ಪೆಸೊ ಕೊಟ್ಟೆವು. ಗೈಡ್‌ಗೆ ಮೂರು ಗಂಟೆಗೆ 1200, ಮೇಲೆ ಖುಷಿಯಿಂದ 200. ತಲೆಗಿಷ್ಟು ಅಂತ ಅಲ್ಲ, ಒಟ್ಟು. ಇಬ್ಬರೇ ಆದರೆ ದುಬಾರಿ ಅನ್ನಿಸಬಹುದು, ನಾಲ್ಕೈದು ಜನ ಇದ್ದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ನಾನು ಹೋಟೆಲ್ ರೂಮಿನಲ್ಲಿ ಉಳಿಸಿ ಇಂಥದ್ದಕ್ಕೆ ಸುರಿಯುವ ಪೈಕಿ, ಹಾಗಾಗಿ ನನ್ನ ಲೆಕ್ಕ ಎಲ್ಲರಿಗೂ ಸರಿಹೋಗಲಿಕ್ಕಿಲ್ಲ. ಕೈ ಬಿಗಿ ಇದ್ದರೆ ಇಂಗ್ಲಿಷ್ ಮಾತ್ರ ಇರುವ ಪುಕ್ಕಟೆ ಟೂರ್ ಹುಡುಕಿ, ರಾತ್ರಿ ಹಾಡಿನ ಮೆರವಣಿಗೆಗೆ ಸೇರಿಕೊಳ್ಳಿ. ಹಿರಿಯರು ಜೊತೆಯಲ್ಲಿದ್ದರೆ ಯೋಚನೆಯೇ ಬೇಡ, ಗೈಡ್.

ಅಕ್ಟೋಬರಿನಲ್ಲಿ ಸೆರ್ವಾಂತಿನೊ ಅನ್ನುವ ಕಲಾ ಉತ್ಸವ ನಡೆಯುತ್ತದೆ, ಆಗ ಊರು ತುಂಬಿ ತುಳುಕುತ್ತಿರುತ್ತದೆ, ಒಳ್ಳೆ ಗೈಡ್ ಬೇಕಾದರೆ ತುಂಬಾ ಮುಂಚೆ ಮಾತಾಡಿಟ್ಟುಕೊಳ್ಳಿ. ಸೋಮವಾರ ಇಟ್ಟುಕೊಳ್ಳಬೇಡಿ, ಅಲೊಂದಿಗದ ಒಳಗಿನ ಮ್ಯೂಸಿಯಂಗೆ ಅವತ್ತು ರಜೆ.