ಮೊದಲ ಶಿಖರಕ್ಕೆ ಯಾವ ಬೆಟ್ಟ? ಮುಳ್ಳಯ್ಯನಗಿರಿ, ಕುದುರೆಮುಖ, ಕುಮಾರಪರ್ವತದ ದಾರಿಗಳ ವಿಮರ್ಶೆ

ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರ. ಕುದುರೆಮುಖ 1,894. ಕುಮಾರಪರ್ವತ 1,712. ಈ ಮೂರು ಅಂಕಿ ಮಾತ್ರ ನೋಡಿದವರಿಗೆ ಕುಮಾರಪರ್ವತವೇ ಸುಲಭ ಅನ್ನಿಸುತ್ತದೆ. ನಿಜ ಇದಕ್ಕೆ ಪೂರ್ತಿ ತಿರುಗುಮುರುಗು. ಕುಮಾರಪರ್ವತದ ನಡಿಗೆ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟವರು 1,600 ಮೀಟರಿನಷ್ಟನ್ನು ಸ್ವಂತ ಕಾಲಿನಲ್ಲೇ ಹತ್ತಬೇಕು. ಚಿಕ್ಕಮಗಳೂರು ಪೇಟೆಯೇ 1,000 ಮೀಟರ್ ದಾಟಿದೆ, ಆದ್ದರಿಂದ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ಬಸ್ಸೇ ಹತ್ತಿಸಿಬಿಟ್ಟಿರುತ್ತದೆ. ಮೊದಲ ಶಿಖರ ಆರಿಸುವವರು ಫಲಕದ ಮೇಲಿನ ಎತ್ತರವನ್ನು ಬದಿಗಿಟ್ಟು, ನಡಿಗೆ ಶುರುವಾಗುವ ಜಾಗದಿಂದ ತುದಿಯವರೆಗಿನ ಏರು ಎಷ್ಟು ಎಂದು ಕೇಳಬೇಕು.

ಏರು ಗೊತ್ತಾದರೆ ಸಮಯ ಲೆಕ್ಕ ಹಾಕಬಹುದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಅಭ್ಯಾಸ ಇರುವವರ, ಎಲ್ಲೂ ಕೂರದೆ ನಡೆಯುವವರ ಲೆಕ್ಕ. ನಮ್ಮ ಬಿಸಿಲು, ಸೆಕೆ, ಹೊಸ ಕಾಲು ಎಲ್ಲ ಸೇರಿಸಿದರೆ ಬಂದ ಉತ್ತರವನ್ನು ಒಂದೂವರೆ ಪಟ್ಟು ಮಾಡಿಕೊಳ್ಳುವುದು ಕ್ಷೇಮ. ಇಳಿಯುವುದಕ್ಕೆ ಹತ್ತಿದ ಸಮಯದ ಮುಕ್ಕಾಲು ಪಾಲು ಹಿಡಿಯಿರಿ. ಇಳಿಯುವಾಗ ಓಡಿಬಿಡಬಹುದು ಅನ್ನುವ ನಂಬಿಕೆ ಮೊದಲ ಅರ್ಧ ಗಂಟೆ ಇರುತ್ತದೆ, ಆಮೇಲೆ ಮೊಣಕಾಲು ಕೇಳುವುದಿಲ್ಲ.

ಈ ಲೆಕ್ಕಕ್ಕೆ ಕುಮಾರಪರ್ವತವನ್ನು ಹಾಕಿ ನೋಡಿ. ಕುಕ್ಕೆ ಕಡೆಯಿಂದ ಒಂದು ಬದಿಗೆ ಸುಮಾರು 13 ಕಿ.ಮೀ. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂ ಮುಕ್ಕಾಲು ಗಂಟೆ. ಒಂದೂವರೆ ಪಟ್ಟು ಮಾಡಿದರೆ ಎಂಟು ಗಂಟೆ. ಇಳಿಯಲು ಆರು. ಒಟ್ಟು ಹದಿನಾಲ್ಕು ಗಂಟೆ. ಡಿಸೆಂಬರಿನಲ್ಲಿ ಸುಬ್ರಹ್ಮಣ್ಯದಲ್ಲಿ ಬೆಳಕಿರುವುದು ಹನ್ನೊಂದೂವರೆ ಗಂಟೆಗೂ ಕಡಿಮೆ. ಕಾಡಿನೊಳಗೆ ಡೇರೆ ಹಾಕಿ ಮಲಗಲು ಅನುಮತಿ ಇಲ್ಲ. ಹಾಗಾಗಿ ಒಂದೇ ದಿನದಲ್ಲಿ ಹೋಗಿ ಬರಲು ಹೊರಟ ಹೊಸಬರು ಕತ್ತಲಲ್ಲಿ ಬೇರು, ಕಲ್ಲು ಎಡವುತ್ತಾ ಇಳಿಯುವುದು ದುರದೃಷ್ಟದಿಂದ ಅಲ್ಲ, ಲೆಕ್ಕವೇ ಹಾಗಿದೆ. ದಾರಿಯ ಸ್ವಭಾವವೂ ಹೊಸಬರನ್ನು ಮೋಸಗೊಳಿಸುತ್ತದೆ. ದಾರಿ ನಡುವೆ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯವರೆಗೆ ದಟ್ಟ ನೆರಳಿನ ಕಾಡು, ಬೆವರು ಸುರಿದರೂ ಬಿಸಿಲು ತಟ್ಟುವುದಿಲ್ಲ. ಅರಣ್ಯ ಇಲಾಖೆಯ ಕಚೇರಿ ದಾಟಿದ ಮೇಲೆ ಬಯಲು ಹುಲ್ಲುಗಾವಲು. ಕಲ್ಲುಮಂಟಪದಿಂದ ಶೇಷಪರ್ವತದವರೆಗಿನ ಏರಿಗೆ ಮರದ ಆಸರೆಯೇ ಇಲ್ಲ, ಜನ ಅಲ್ಲಿಗೆ ಮುಟ್ಟುವ ಹೊತ್ತಿಗೆ ನಡು ಮಧ್ಯಾಹ್ನ. ತುದಿ ಬಂತು ಅಂದುಕೊಂಡ ಜಾಗ ಶೇಷಪರ್ವತ. ಅಲ್ಲಿಂದ ಮತ್ತೆ ಇಳಿದು, ಕಾಡು ಹೊಕ್ಕು, ಇಳಿಜಾರು ಬಂಡೆ ಹತ್ತಿದ ಮೇಲೆಯೇ ಕುಮಾರಪರ್ವತ. ಆ ಬಂಡೆ ಒದ್ದೆಯಿದ್ದರೆ ಹಿಡಿತವೇ ಸಿಗುವುದಿಲ್ಲ.

ಚೆಲುವಿನಲ್ಲಿ ಈ ದಾರಿಗೆ ಸಮ ಇನ್ನೊಂದಿಲ್ಲ, ಅದಕ್ಕೇ ಹೇಳುತ್ತಿದ್ದೇವೆ: ಇದನ್ನು ಮೂರನೆಯದೋ ನಾಲ್ಕನೆಯದೋ ಮಾಡಿಕೊಳ್ಳಿ. ಮೊದಲನೆಯದಾಗಿ ಹೋಗಲೇಬೇಕೆಂದಿದ್ದರೆ ಸೋಮವಾರಪೇಟೆ ಕಡೆಯ ಬೀದಹಳ್ಳಿ ದಾರಿ ಹಿಡಿಯಿರಿ. ಅಲ್ಲಿಂದ ಸುಮಾರು 7 ಕಿ.ಮೀ., ಏರು ಕುಕ್ಕೆ ದಾರಿಯ ಅರ್ಧದಷ್ಟೂ ಇಲ್ಲ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಜನ ಮುಗಿಬಿದ್ದು ಚಾರಣವನ್ನೇ ನಿಲ್ಲಿಸಬೇಕಾಗಿ ಬಂದ ಮೇಲೆ ಆನ್‌ಲೈನ್ ಬುಕಿಂಗ್ ಬಂತು. ಎರಡು ಕಡೆಗೂ ಅದು ಬೇಕು.

ಬೆಂಗಳೂರಿನವರಿಗೆ ಕೈಗೆಟಕುವ ಸ್ಕಂದಗಿರಿ ಮತ್ತು ಸಾವನದುರ್ಗದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿ ಸುಮಾರು 1,450 ಮೀಟರ್, ಒಂದು ಬದಿಗೆ 4 ಕಿ.ಮೀ. ಎರಡು ಎರಡೂವರೆ ಗಂಟೆಯಲ್ಲಿ ತುದಿ. ಎಲ್ಲರೂ ಸೂರ್ಯೋದಯಕ್ಕೆಂದು ನಸುಕಿನಲ್ಲಿ ಹತ್ತುತ್ತಾರೆ, ಹೊಸಬರಿಗೆ ಇದರಿಂದ ನಷ್ಟವೇ ಹೆಚ್ಚು. ಹೆಜ್ಜೆ ಎಲ್ಲಿ ಇಡಬೇಕು, ಉಸಿರು ಹೇಗೆ ಕಾಯ್ದುಕೊಳ್ಳಬೇಕು ಎಂದು ಕಲಿಯುವುದು ಟಾರ್ಚಿನ ವೃತ್ತದೊಳಗೆ ಆಗುವ ಕೆಲಸವಲ್ಲ. ಇಳಿಯುವಾಗ ಸಡಿಲ ಜಲ್ಲಿಯ ಮೇಲೆ ಜಾರಿ ಅಂಗೈ ತರಚಿಕೊಳ್ಳುವವರೇ ಜಾಸ್ತಿ. ಬೆಳಗಿನ ಹೊತ್ತಿನ ಟಿಕೆಟ್ ಸಿಕ್ಕರೆ ಅದೇ ಒಳ್ಳೆಯದು.

ಮಾಗಡಿಯ ಸಾವನದುರ್ಗ 1,226 ಮೀಟರ್, ಒಂದೇ ಬೃಹತ್ ಬಂಡೆ. ಒಣಗಿದ್ದಾಗ ಬೂಟಿನ ರಬ್ಬರು ಕಲ್ಲನ್ನು ಕಚ್ಚಿ ಹಿಡಿಯುತ್ತದೆ, ಹತ್ತುವುದು ಸಂತೋಷದ ಕೆಲಸ. ಮಳೆ ಬಿದ್ದು ಪಾಚಿ ಕಟ್ಟಿದಾಗ ಅದೇ ಬಂಡೆ ಸಾಬೂನು. ಬಾಣದ ಗುರುತು ಬಿಟ್ಟು ಪಕ್ಕಕ್ಕೆ ಸರಿದವರು ಮುಂದೆಯೂ ಹೋಗಲಾಗದೆ ಹಿಂದೆಯೂ ಇಳಿಯಲಾಗದೆ ಸಿಕ್ಕಿಕೊಳ್ಳುತ್ತಾರೆ. ಜೂನ್‌ನಿಂದ ಅಕ್ಟೋಬರ್ ತನಕ ಇದು ಬೇಡ. ಉಳಿದ ತಿಂಗಳಲ್ಲೂ ಹತ್ತು ಗಂಟೆಯೊಳಗೆ ಇಳಿಯುತ್ತಿರಬೇಕು, ಬಂಡೆ ಕಾಯ್ದ ಮೇಲೆ ಕೂರಲೂ ಆಗದು. ಬಂಡೆಯ ಅಂಚುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಆದ್ದರಿಂದ ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ.

ಇನ್ನು ಕುದುರೆಮುಖ. ಚಾರಣ ಪ್ಯಾಕೇಜು ಮಾರುವವರು ಇದನ್ನು ‘ಹೊಸಬರಿಗೆ ಸೂಕ್ತ’ ಎಂಬ ಪಟ್ಟಿಯಲ್ಲಿ ಇಡುವುದು ವಾಡಿಕೆ. ಅರ್ಧ ನಿಜ. ಬಂಡೆ ಹತ್ತುವ ಕಷ್ಟ ಎಲ್ಲೂ ಇಲ್ಲ, ಕಾಲುದಾರಿ ಸ್ಪಷ್ಟವಾಗಿದೆ, ಶೋಲಾ ಕಾಡು ಮತ್ತು ಹುಲ್ಲುಗಾವಲು ಒಂದಾದ ಮೇಲೊಂದು ಬರುವುದರಿಂದ ಮನಸ್ಸಿಗೆ ಬೇಸರವಿಲ್ಲ. ಹೇಳದೆ ಬಿಡುವ ಇನ್ನರ್ಧವೆಂದರೆ ಉದ್ದ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ತುದಿಗೆ 9 ಕಿ.ಮೀ.ಗೂ ಸ್ವಲ್ಪ ಹೆಚ್ಚು, ಏರು 900 ಮೀಟರಿನ ಆಸುಪಾಸು. ನಮ್ಮ ಲೆಕ್ಕದಲ್ಲಿ ಹತ್ತಲು ಐದು ಗಂಟೆ, ಇಳಿಯಲು ನಾಲ್ಕು, ಊಟಕ್ಕೆ ಅರ್ಧ. ಬೆಳಿಗ್ಗೆ 7ಕ್ಕೆ ಹೊರಟವರು ಸಂಜೆ ನಾಲ್ಕೂವರೆಗೆ ಮುಳ್ಳೋಡಿಯಲ್ಲಿ ಕಾಫಿ ಕುಡಿಯುತ್ತಾರೆ. 9ಕ್ಕೆ ಹೊರಟವರಿಗೆ ಆರೂವರೆ, ಅಂದರೆ ಕತ್ತಲು. ಇಡೀ ದಿನದ ಹಣೆಬರಹ ಆ ಎರಡು ಗಂಟೆಯಲ್ಲಿದೆ.

ಆ ಎರಡು ಗಂಟೆ ಕಳೆದುಹೋಗುವುದು ಎಲ್ಲಿ? ಮುಖ್ಯರಸ್ತೆಯಿಂದ ಮುಳ್ಳೋಡಿಗೆ ಹೋಗುವ ದಾರಿಯಲ್ಲಿ. ಟೆಂಪೋ ಟ್ರಾವೆಲರ್, ಸಣ್ಣ ಕಾರು ಅಲ್ಲಿಗೆ ಹತ್ತವು, ಜೀಪೇ ಬೇಕು. ಶನಿವಾರ ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ಜೀಪು ಬೇಕಾಗುತ್ತದೆ, ಆಮೇಲೆ ತಪಾಸಣೆಯ ಬಳಿ ಹೆಸರು, ಗುರುತಿನ ಚೀಟಿ, ಬ್ಯಾಗು ನೋಡುವ ಸಾಲು. ಇದಕ್ಕೆ ಮದ್ದು ಒಂದೇ, ಹಿಂದಿನ ರಾತ್ರಿ ಸಂಸೆ ಅಥವಾ ಮುಳ್ಳೋಡಿಯ ಹೋಮ್‌ಸ್ಟೇಯಲ್ಲಿ ಮಲಗುವುದು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟು, ಘಾಟಿಯ ತಿರುವಿನಲ್ಲಿ ತೂಕಡಿಸಿ, ಬೆಳಿಗ್ಗೆ ಇಳಿದ ಕೂಡಲೇ ಬೆಟ್ಟ ಹತ್ತಿಸುವ ಪ್ಯಾಕೇಜುಗಳ ದೊಡ್ಡ ಕೊರತೆಯೇ ಇದು. ನಿದ್ದೆಗೆಟ್ಟವರು ರಾತ್ರಿಯಿಡೀ ನೀರು ಕುಡಿದಿರುವುದಿಲ್ಲ, ಬೆಳಿಗ್ಗೆ ಎರಡು ಇಡ್ಲಿ ತಿಂದಿರುತ್ತಾರೆ. ಹನ್ನೊಂದು ಗಂಟೆಗೆ ಮೀನಖಂಡ ಸೆಳೆಯುತ್ತದೆ, ತಲೆ ಸುತ್ತುತ್ತದೆ. ಬೆಟ್ಟ ಕಷ್ಟ ಅನ್ನಿಸುವುದಕ್ಕೆ ಕಾರಣ ಬಹಳಷ್ಟು ಸಲ ಹಿಂದಿನ ರಾತ್ರಿಯ ಬಸ್ಸು.

ಒಂಟಿಮರ ಎಂದು ಕರೆಯುವ ಜಾಗದವರೆಗಿನ ದಾರಿಯಲ್ಲಿ ತೊರೆಗಳು ಅಡ್ಡ ಬರುತ್ತವೆ. ಮೊದಲ ತೊರೆಗೇ ಬೂಟು ತೊಯ್ಯಿಸಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಖಚಿತ. ಬೂಟು ಬಿಚ್ಚಿ ದಾಟಿ, ಕಾಲು ಒರೆಸಿ, ಒಣ ಕಾಲುಚೀಲ ಹಾಕಿಕೊಳ್ಳಲು ಬೇಕಾಗುವುದು ಐದು ನಿಮಿಷ. ಬೆಟ್ಟ ಹತ್ತುವವರಿಗೆ ಮಧ್ಯಾಹ್ನ 12.30 ಗಡುವು. ತುದಿ ಕಣ್ಣೆದುರಿಗೇ ಇದ್ದರೂ ಆ ಹೊತ್ತಿಗೆ ತಿರುಗಬೇಕು. ಈ ಮಾತನ್ನು ಹೊರಡುವ ಮುನ್ನವೇ ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಂಡಿರಬೇಕು, ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ.

ಮಳೆಗಾಲದಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತುತ್ತದೆ, ರಕ್ತ ಹೋದರೂ ಅಪಾಯವಿಲ್ಲ, ಉಪ್ಪು ತಾಗಿಸಿದರೆ ಬಿಡುತ್ತದೆ. ನಿಜವಾದ ಎಚ್ಚರ ಬೇಕಿರುವುದು ಉಣುಗಿನ ಬಗ್ಗೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಅದರಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಅಂದರೆ ಚಾರಣದ ಒಳ್ಳೆಯ ದಿನಗಳಲ್ಲೇ. ಪೂರ್ತಿ ಕಾಲು ಮುಚ್ಚುವ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ. ತರಗೆಲೆಯ ಮೇಲೆ ಕೂರಬೇಡಿ. ಇಳಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೊಣಕಾಲಿನ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹಾಗಾದರೆ ಕುದುರೆಮುಖ ಮೊದಲನೆಯದಾಗಬಹುದೇ? ನಾಲ್ಕು ವಾರ ಮೆಟ್ಟಿಲು ಹತ್ತಿದ್ದರೆ ಆಗಬಹುದು. ಒಂದು ಮಹಡಿ ಅಂದರೆ ಸುಮಾರು 3 ಮೀಟರ್, 900 ಮೀಟರ್ ಅಂದರೆ 300 ಮಹಡಿ. ಮೊದಲ ವಾರ ದಿನ ಬಿಟ್ಟು ದಿನ 20 ಮಹಡಿ, ನಾಲ್ಕನೆಯ ವಾರಕ್ಕೆ ಬೆನ್ನಿಗೆ 5 ಕಿಲೋ ಚೀಲ ಹಾಕಿ 80 ಮಹಡಿ. ಹತ್ತಿ ಲಿಫ್ಟಿನಲ್ಲಿ ಇಳಿದರೆ ಅರ್ಧ ಅಭ್ಯಾಸವೇ ಆಗಲಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯುತ್ತದೆ. ಮಾರನೆಯ ದಿನ ಕೂತರೆ ಏಳಲಾಗದಂತೆ ಮಾಡುವುದು ಆ ಕೆಲಸವೇ.

ನಮ್ಮ ಆಯ್ಕೆ ಮುಳ್ಳಯ್ಯನಗಿರಿ, ಸರ್ಪದಾರಿಯಿಂದ. ಕಾರಿನಲ್ಲಿ ಮೇಲೆ ಹೋಗಿ ಕೊನೆಯ ಮೆಟ್ಟಿಲು ಮಾತ್ರ ಹತ್ತುವುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸರ್ಪದಾರಿ ಮೂರು ನಾಲ್ಕು ಕಿ.ಮೀ., ಹೊಸಬರಿಗೆ ಎರಡೂವರೆ ಗಂಟೆ. ಶುರುವಿನಲ್ಲೇ ಕಡಿದಾದ ಏರು, ಮೊದಲ ಇಪ್ಪತ್ತು ನಿಮಿಷಕ್ಕೇ ಉಸಿರು ಬಾಯಿಗೆ ಬರುತ್ತದೆ. ಹೆದರಬೇಕಿಲ್ಲ, ಮಾತನಾಡುತ್ತಾ ನಡೆಯಲು ಆಗುವಷ್ಟಕ್ಕೆ ವೇಗ ಇಳಿಸಿದರೆ ಸರಿಹೋಗುತ್ತದೆ. ಆಮೇಲೆ ದಾರಿ ಹುಲ್ಲಿನ ಏಣಿನ ಮೇಲೆ ಹಾವಿನಂತೆ ಹೊರಳುತ್ತದೆ. ಇದೇ ತುದಿ ಅನ್ನಿಸುವ ದಿಬ್ಬದ ಹಿಂದೆ ಇನ್ನೊಂದು ದಿಬ್ಬ ಇರುತ್ತದೆ, ಮುಂದೆ ದೊಡ್ಡ ಬೆಟ್ಟಗಳಿಗೆ ಹೋಗುವವರು ಇದಕ್ಕೆ ಇಲ್ಲೇ ಒಗ್ಗಿಕೊಳ್ಳಬಹುದು.

ಇದನ್ನೇ ಮೊದಲಿಗೆ ಇಡುವುದಕ್ಕೆ ದೊಡ್ಡ ಕಾರಣ ಬೇರೆ. ಕುದುರೆಮುಖದ ತುದಿಯಲ್ಲಿ ಮೊಣಕಾಲು ಕೈಕೊಟ್ಟರೆ 9 ಕಿ.ಮೀ. ಕುಂಟಬೇಕು, ಇಲ್ಲವೇ ಜನ ಹೊತ್ತು ತರಬೇಕು. ಮುಳ್ಳಯ್ಯನಗಿರಿಯ ತುದಿಯಿಂದ ಮೆಟ್ಟಿಲು ಇಳಿದರೆ ವಾಹನದ ರಸ್ತೆ. ಸೋತರೂ ಸಂಜೆಗೆ ಮನೆ ಸೇರುವ ಬೆಟ್ಟದಲ್ಲಿ ಮೊದಲ ಪಾಠ ಆಗಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕೊರತೆಗಳೂ ಇವೆ. ದಾರಿಯುದ್ದಕ್ಕೂ ನೆರಳಿಲ್ಲ, ಗಾಳಿ ಜೋರು, ನೀರಿನ ನೆಚ್ಚಿಕೆ ಇಲ್ಲ. ತುದಿಯಲ್ಲಿ ಕಾರಿನಲ್ಲಿ ಬಂದವರ ಗದ್ದಲ, ಏಕಾಂತ ಬಯಸಿದವರಿಗೆ ನಿರಾಸೆ ಆದೀತು. ವಾರದ ನಡುವೆ ಹೋದರೆ ಇದು ಅರ್ಧ ತಪ್ಪುತ್ತದೆ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚು ಇರುತ್ತದೆ, ಬೋಳು ಏಣಿನ ಮೇಲೆ ಎತ್ತರವಾಗಿ ಕಾಣುವುದು ನೀವೊಬ್ಬರೇ. ಅಕ್ಟೋಬರ್ ಕೊನೆಯಿಂದ ಜನವರಿ ತನಕ ಒಳ್ಳೆಯ ಕಾಲ.

ಚೀಲದಲ್ಲಿ ಏನಿರಬೇಕು ಅಂದರೆ, ತಲೆಗೆ ಎರಡೂವರೆ ಲೀಟರ್ ನೀರು, ಕುದುರೆಮುಖಕ್ಕಾದರೆ ಮೂರು. ಒಂದು ಲೀಟರ್ ಪೊಟ್ಟಣದ ಒಆರ್‌ಎಸ್ಸನ್ನು ಅಳತೆಯಂತೆ ಒಂದು ಲೀಟರಿಗೇ ಕಲಸಿ, ಅರ್ಧ ಬಾಟಲಿಗೆ ಸುರಿದುಕೊಂಡರೆ ಹೊಟ್ಟೆ ಕೆಡುತ್ತದೆ. ಚಿತ್ರಾನ್ನಕ್ಕಿಂತ ಚಪಾತಿ ಸುರುಳಿ ವಾಸಿ, ಅನ್ನ ಬಿಸಿಲಿಗೆ ಹಳಸುತ್ತದೆ. ನಡುನಡುವೆ ಬಾಯಿಗೆ ಕಡಲೆಬೀಜದ ಚಿಕ್ಕಿ. ಒಂದು ತೆಳು ಗಾಳಿ ತಡೆಯುವ ಜಾಕೆಟ್ಟು, ತಲೆಗೆ ಕಟ್ಟುವ ಟಾರ್ಚು, ಒಂದು ಸೀಟಿ, ಕ್ರೇಪ್ ಬ್ಯಾಂಡೇಜು. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ತೊಡೆ ಉಜ್ಜುತ್ತದೆ. ಬೂಟನ್ನು ಸಂಜೆ ಹೊತ್ತು, ಪಾದ ಸ್ವಲ್ಪ ಊದಿದಾಗ, ದಪ್ಪ ಕಾಲುಚೀಲ ಹಾಕಿಕೊಂಡೇ ಕೊಳ್ಳಿ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಯುವಾಗ ಉಗುರು ಗುದ್ದಿ ಕಪ್ಪಾಗುತ್ತದೆ. ಹೊರಡುವ ಹಿಂದಿನ ದಿನ ಉಗುರು ಕತ್ತರಿಸಿಕೊಳ್ಳಿ. ಹೊಸ ಬೂಟಿನಲ್ಲಿ ಊರಲ್ಲೇ 30 ಕಿ.ಮೀ. ನಡೆದಿರಬೇಕು.

ಪ್ಯಾಕೇಜಿನಲ್ಲಿ ಹೋಗುವುದಾದರೆ ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಅರಣ್ಯ ಇಲಾಖೆಯ ಅನುಮತಿ ನನ್ನ ಹೆಸರಿನಲ್ಲೇ ಆಗಿದೆಯೇ? ಎಷ್ಟು ಜನಕ್ಕೆ ಒಬ್ಬ ಮಾರ್ಗದರ್ಶಿ? ಎಷ್ಟು ಗಂಟೆಗೆ ತಿರುಗುತ್ತೀರಿ? ಹಿಂದುಳಿದವರ ಜೊತೆ ಕೊನೆಯಲ್ಲಿ ಯಾರು ನಡೆಯುತ್ತಾರೆ? ಕೊನೆಯ ಪ್ರಶ್ನೆಗೆ ತಕ್ಷಣ ಉತ್ತರ ಬಾರದಿದ್ದರೆ ಆ ಗುಂಪು ಬೇಡ. ಸ್ವಂತವಾಗಿ ಹೋಗುವವರು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಾರಿ ತೆರೆದಿದೆಯೇ ಎಂದು ಮೊದಲು ನೋಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುತ್ತಾರೆ. ಟಿಕೆಟ್ಟಿನಲ್ಲಿರುವ ಹೆಸರು, ಜೇಬಿನಲ್ಲಿರುವ ಗುರುತಿನ ಚೀಟಿ ಎರಡೂ ಒಂದೇ ಆಗಿರಲಿ.

ಮುಳ್ಳಯ್ಯನಗಿರಿಯ ತುದಿಯಲ್ಲಿ ದೇವಸ್ಥಾನವಿದೆ, ಬೂಟು ಹೊರಗೇ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಲ್ಲು ಕಾಯ್ದು, ಮೆತ್ತಗಾದ ಪಾದ ಸುಡುತ್ತದೆ. ಚೀಲದ ಮೇಲ್ಜೇಬಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡು ಹೋಗಿ. ಬೆವರಿನದನ್ನು ಬಿಚ್ಚಿ, ದರ್ಶನ ಮುಗಿಸಿ, ಇಳಿಯುವ ಮುನ್ನ ಅದನ್ನು ಹಾಕಿ ಬೂಟಿನ ಲಾಡಿಯನ್ನು ಕಣಕಾಲಿನ ಬಳಿ ಒಂದು ಸುತ್ತು ಬಿಗಿಯಾಗಿ ಕಟ್ಟಿಕೊಳ್ಳಿ.